ಗಿಟಾರ್ ಪಿಕಪ್ ಮನೆಯಲ್ಲೇ ಸುತ್ತುವುದು ಹೇಗೆ: ಒಂದು ಕಿಲೋಮೀಟರ್ ತಂತಿಯ ಕೆಲಸ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಕೂತು ಅವುಗಳ ಅಲುಗಾಟವನ್ನು ಕರೆಂಟಾಗಿಸುವ ಭಾಗವೇ ಪಿಕಪ್, ಮ್ಯಾಗ್ನೆಟ್ಟಿನ ಸುತ್ತ ತೆಳು ತಾಮ್ರದ ತಂತಿ ಸುತ್ತಿ ಮಾಡುವುದು. ಮುಂಬೈಯಲ್ಲಿ ಇದಕ್ಕೆ ತಂತಿ ಕೊಳ್ಳಲು ಹೋದಾಗ "42 ನಂಬರ್ ವೈರ್ ಕೊಡಿ" ಅಂತ ಮಾತ್ರ ಕೇಳಬೇಡಿ. ನಾನು ಹಾಗೆ ಕೇಳಿಯೇ ಮೊದಲ ಪಿಕಪ್ ಕೆಡಿಸಿಕೊಂಡೆ. ಎಲ್ಲಿ ಓದಿದರೂ 42 ಗೇಜ್ ಅಂತಲೇ ಇರುತ್ತದೆ. ಅದು ಸರಿಯೇ, ಆದರೆ ಅದು ಅಮೆರಿಕದ ಗೇಜ್ (ತಂತಿಯ ದಪ್ಪ ಹೇಳುವ ನಂಬರ್). ನಮ್ಮ ಅಂಗಡಿಗಳಲ್ಲಿ ವೈಂಡಿಂಗ್ ವೈರ್ ಮಾರುವುದು ಹಳೆಯ ಬ್ರಿಟಿಷ್ ಅಳತೆಯಲ್ಲಿ, ಅಂದರೆ ಎಸ್‌ಡಬ್ಲ್ಯೂಜಿಯಲ್ಲಿ. ಅಮೆರಿಕದ 42 ಅಂದರೆ ಸುಮಾರು 0.063 ಮಿ.ಮೀ. ದಪ್ಪ. ಬ್ರಿಟಿಷ್ 42 ಅಂದರೆ 0.10 ಮಿ.ಮೀ. ಕಣ್ಣಿಗೆ ಎರಡೂ ಕೂದಲಿನ ಹಾಗೇ ಕಾಣುತ್ತವೆ. ಎರಡು ತಾಸು ಕೂತು ಸುತ್ತಿದ ಮೇಲೆ ನೋಡಿದರೆ 3,000 ಸುತ್ತಿಗೇ ಬಾಬಿನ್ (ತಂತಿ ಸುತ್ತುವ ಚೌಕಟ್ಟು) ತುಂಬಿಹೋಗಿತ್ತು. ಮೀಟರ್ ಹಿಡಿದರೆ ಒಂದು ಕೆ ಓಮ್ (ಸಾವಿರ ಓಮ್) ರೆಸಿಸ್ಟೆನ್ಸ್ ಕೂಡ ಇರಲಿಲ್ಲ. ಬೇಕಾದದ್ದು ಆರು.

ನಿಮಗೆ ಬೇಕಾದದ್ದು 46 ನಂಬರ್ ಎಸ್‌ಡಬ್ಲ್ಯೂಜಿ, 0.061 ಮಿ.ಮೀ. ಅಮೆರಿಕದ 42ಕ್ಕೆ ತೀರಾ ಹತ್ತಿರದ್ದು ಇದೇ. ಚೂರು ತೆಳು ಇರುವುದರಿಂದ ಅಷ್ಟೇ ಸುತ್ತಿಗೆ ರೆಸಿಸ್ಟೆನ್ಸ್ ಶೇಕಡಾ 8ರಷ್ಟು ಜಾಸ್ತಿ ಬರುತ್ತದೆ, ಅದಕ್ಕೆ ಗಾಬರಿ ಆಗಬೇಡಿ. ಅಂಗಡಿಯಲ್ಲಿ ಮಿಲಿಮೀಟರ್ ಹೇಳಿ ಕೇಳುವುದು ಇನ್ನೂ ಒಳ್ಳೆಯದು. ಜೊತೆಗೆ ಮೈಕ್ರೋಮೀಟರ್ ಇದ್ದರೆ ಅಲ್ಲೇ ಅಳೆದು ನೋಡಿ, ಎನಾಮಲ್ (ಕರೆಂಟ್ ತಡೆಯುವ ಲೇಪ) ಪದರ ಸೇರಿ 0.07 ಮಿ.ಮೀ. ಆಸುಪಾಸು ತೋರಿಸಬೇಕು.

ನಾನಿರುವುದು ಡೊಂಬಿವಲಿಯಲ್ಲಿ. ದಾದರಿನಲ್ಲಿ ಇಳಿದು ವೆಸ್ಟರ್ನ್ ಲೈನ್ ಹಿಡಿದು ಗ್ರ್ಯಾಂಟ್ ರೋಡಿಗೆ ಹೋಗಿ, ಈಸ್ಟ್ ಕಡೆ ಹೊರಗೆ ಬಂದರೆ ಲ್ಯಾಮಿಂಗ್ಟನ್ ರೋಡು ನಡೆದು ಹೋಗುವಷ್ಟು ದೂರ. ಬೋರ್ಡುಗಳ ಮೇಲೆ ಡಾ. ಭಡ್ಕಮ್ಕರ್ ಮಾರ್ಗ ಅಂತಿದ್ದರೂ ಎಲ್ಲರ ಬಾಯಲ್ಲಿ ಲ್ಯಾಮಿಂಗ್ಟನ್ನೇ. ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಬಂದರೆ ತಾನೇ ಆನ್ ಆಗುವ ಸ್ವಿಚ್), ಪಿಸಿಬಿ ಬೋರ್ಡು, ಶೀಲ್ಡೆಡ್ ವೈರ್, ಸೋಲ್ಡರ್, ಮಲ್ಟಿಮೀಟರ್ ಎಲ್ಲ ಅಲ್ಲೇ ಸಿಗುತ್ತದೆ. ಭಾನುವಾರ ಹೋಗಬೇಡಿ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ವೈಂಡಿಂಗ್ ವೈರ್ ಮಾತ್ರ ಲೋಹಾರ್ ಚಾಳ್ ಕಡೆ ವಿಚಾರಿಸಿ. ಅಲ್ಲಿ ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಪಿಕಪ್‌ಗೆ ಬೇಕಾಗುವ ತಾಮ್ರ ಸುಮಾರು 30 ಗ್ರಾಂ ಅಷ್ಟೇ. ಕಾಲು ಕಿಲೋ ರೀಲು ತಂದರೆ ಏಳೆಂಟು ಪಿಕಪ್ ಆಗುತ್ತದೆ, ಕಲಿಯುವಾಗ ಹಾಳಾಗುವುದಕ್ಕೂ ಸಾಲುತ್ತದೆ.

ಮುಂದೆ ಹೋಗುವ ಮೊದಲು, ಇದು ಕೆಲಸ ಮಾಡುವುದು ಹೇಗೆ ಅಂತ ಎರಡು ಮಾತು. ಮ್ಯಾಗ್ನೆಟ್ಟಿನ ಮೇಲೆ ಗಿಟಾರಿನ ಸ್ಟೀಲ್ ತಂತಿ ಇದ್ದರೆ ಆ ತಂತಿಯೂ ಚೂರು ಮ್ಯಾಗ್ನೆಟ್ ಆಗುತ್ತದೆ. ನೀವು ಮೀಟಿದಾಗ ಅದು ಅಲ್ಲಾಡುತ್ತದೆ, ಸುತ್ತಲಿನ ಕಾಂತಕ್ಷೇತ್ರವೂ ಅಲ್ಲಾಡುತ್ತದೆ, ಸುತ್ತಿದ ತಾಮ್ರದ ತಂತಿಯ ಕಾಯಿಲ್‌ನಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಅಮೆರಿಕದಲ್ಲಿ ಜಾರ್ಜ್ ಬೋಶಾಂ ಇದನ್ನು ಗಿಟಾರಿಗೆ ಹೊಂದಿಸಿದ, 1937ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿನ ಪಿಕಪ್ಪಿನ ಒಳಗೂ ಅದೇ ಇದೆ, ಮ್ಯಾಗ್ನೆಟ್ ಮತ್ತು ತಾಮ್ರದ ತಂತಿ. ನೈಲಾನ್ ತಂತಿಯ ಗಿಟಾರಿಗೆ ಇದು ಆಗುವುದಿಲ್ಲ ಅಂತ ಇದರಿಂದಲೇ ಗೊತ್ತಾಗುತ್ತದೆ ಅಲ್ವಾ.

ಮೊದಲನೆಯದಾಗಿ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್) ತರಹದ ಸಿಂಗಲ್ ಕಾಯಿಲ್, ಅಂದರೆ ಒಂದೇ ಬಾಬಿನ್ನಿನ ಪಿಕಪ್ ಮಾಡಿ. ಹಂಬಕರ್ ಅಂದರೆ ಎರಡು ಬಾಬಿನ್, ಒಂದೊಂದಕ್ಕೂ 5,000 ಸುತ್ತು, ದಿಕ್ಕು ತಪ್ಪಿದರೆ ತಲೆನೋವು. ಅದು ಆಮೇಲೆ.

ಬಾಬಿನ್

ಮೇಲೊಂದು ಹಲಗೆ, ಕೆಳಗೊಂದು ಹಲಗೆ, ನಡುವೆ ಆರು ಮ್ಯಾಗ್ನೆಟ್ ಸರಳು. ಇಷ್ಟೇ ಬಾಬಿನ್. ಹಲಗೆಗೆ ಅಮೆರಿಕದಲ್ಲಿ ವಲ್ಕನೈಸ್ಡ್ ಫೈಬರ್ ಬಳಸುತ್ತಾರೆ. ನಾನು ಬಳಸುವುದು ಗ್ಲಾಸ್ ಎಪಾಕ್ಸಿ ಪಿಸಿಬಿ ಬೋರ್ಡು, ಅಂದರೆ ಮೇಲೆ ತಾಮ್ರದ ಪದರ ಇರುವ ಸರ್ಕ್ಯೂಟ್ ಬೋರ್ಡು, 1.6 ಮಿ.ಮೀ. ದಪ್ಪದ್ದು. ಮೇಲಿನದಕ್ಕೆ ತಾಮ್ರ ಪೂರ್ತಿ ತೆಗೆದುಬಿಡಿ. ಕೆಳಗಿನದಕ್ಕೆ ಎರಡು ಸಣ್ಣ ಚೌಕದಷ್ಟು ತಾಮ್ರ ಉಳಿಸಿಕೊಂಡರೆ ಅದೇ ಸೋಲ್ಡರ್ ಹಾಕುವ ಜಾಗ ಆಗುತ್ತದೆ, ಬೇರೆ ಐಲೆಟ್ (ಸೋಲ್ಡರ್ ಹಾಕುವ ಲೋಹದ ಸಣ್ಣ ಉಂಗುರ) ಬೇಡ. ಹೈಲಂ ಶೀಟ್ (ಗಟ್ಟಿ ಲ್ಯಾಮಿನೇಟ್ ಹಾಳೆ) ಕೂಡ ಆಗುತ್ತದೆ, ಆದರೆ ತೂತು ಕೊರೆಯುವಾಗ ಅಂಚು ಸಿಡಿಯುತ್ತದೆ.

ತೂತುಗಳ ಅಂತರ ನಿಮ್ಮ ಗಿಟಾರಿನಿಂದಲೇ ಅಳೆದುಕೊಳ್ಳಿ. ಹಳೆಯ ಸ್ಟ್ರಾಟ್‌ಗಳಲ್ಲಿ ಮೊದಲ ಸರಳಿನಿಂದ ಆರನೆಯದರವರೆಗೆ ನಡುವಿನಿಂದ ನಡುವಿಗೆ ಸುಮಾರು 52 ಮಿ.ಮೀ. ಇರುತ್ತದೆ, ಅಗ್ಗದ ಗಿಟಾರುಗಳಲ್ಲಿ ಬೇರೆ ಬೇರೆ. ಸರಳಿನ ದಪ್ಪ 4.8 ಮಿ.ಮೀ. ಇರುತ್ತದೆ. ತೂತು ಸ್ವಲ್ಪ ಬಿಗಿಯಾಗಿಯೇ ಇರಬೇಕು, ಹಾಗಾಗಿ ಒಂದು ಬೇಡದ ತುಂಡಿನ ಮೇಲೆ ಎರಡು ಮೂರು ಡ್ರಿಲ್ ಬಿಟ್ ಹಾಕಿ ನೋಡಿ, ಹೆಬ್ಬೆರಳಿನಿಂದ ಒತ್ತಿದರೆ ಅರ್ಧಕ್ಕೆ ನಿಲ್ಲುವಂಥದ್ದನ್ನು ಆರಿಸಿ. ಎರಡೂ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಒಟ್ಟಿಗೇ ಕೊರೆಯಿರಿ. ಬೇರೆ ಬೇರೆ ಕೊರೆದರೆ ಸರಳು ವಾಲುತ್ತದೆ.

ಸರಳು ಅಲ್ನಿಕೋ 5. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಕಬ್ಬಿಣದ ಜೊತೆ ಸೇರಿದ್ದು. ಈ ಅಳತೆಯದ್ದು ನನಗೆ ಅಂಗಡಿಯಲ್ಲಿ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿದೆ. ಉದ್ದ 17 ಮಿ.ಮೀ. ಆಸುಪಾಸು ಸಾಕು. ಸುತ್ತಿಗೆಯಲ್ಲಿ ಹೊಡೆದು ಕೂರಿಸಬೇಡಿ, ಅಲ್ನಿಕೋ ಗಾಜಿನ ಹಾಗೆ ಚಕ್ಕೆ ಏಳುತ್ತದೆ. ಬೆಂಚ್ ವೈಸಿನಲ್ಲಿ ಇಟ್ಟು ನಿಧಾನವಾಗಿ ಒತ್ತಿ. ಎರಡು ಹಲಗೆಗಳ ನಡುವೆ 11 ಮಿ.ಮೀ. ಜಾಗ ಬಿಡಿ, ಕಾಯಿಲ್ ಕೂರುವುದು ಅಲ್ಲೇ.

ಅಲ್ನಿಕೋ ಬೇಡ, ಖರ್ಚು ಕಡಿಮೆ ಆಗಬೇಕು ಅನ್ನುವವರು ಮೈಲ್ಡ್ ಸ್ಟೀಲ್ ಸರಳು ಕತ್ತರಿಸಿ ಹಾಕಿ, ಕೆಳಗೆ ಫೆರೈಟ್ ಪಟ್ಟಿ ಮ್ಯಾಗ್ನೆಟ್ ಅಂಟಿಸಬಹುದು. ಅಗ್ಗದ ಗಿಟಾರುಗಳಲ್ಲಿ ಬರುವುದು ಇದೇ. ದನಿ ದಪ್ಪ ಆಗುತ್ತದೆ, ಸುತ್ತು ಒಂದಷ್ಟು ಕಡಿಮೆ ಮಾಡಿ. ನಿಯೋಡಿಮಿಯಂ ಮಾತ್ರ ಸರಳಿನ ಜಾಗಕ್ಕೆ ಹಾಕಬೇಡಿ. ಅದು ಗಿಟಾರಿನ ತಂತಿಯನ್ನೇ ಎಳೆದುಕೊಳ್ಳುತ್ತದೆ, ಶ್ರುತಿ ಕೂರುವುದಿಲ್ಲ, ದನಿ ಬೇಗ ಸತ್ತುಹೋಗುತ್ತದೆ.

ಸುತ್ತುವ ಮೊದಲು ಸರಳುಗಳ ಮೇಲೆ ಒಂದೇ ಒಂದು ಪದರ ತೆಳು ಟೇಪ್ ಸುತ್ತಿ. ತಂತಿಯ ಎನಾಮಲ್ ಎಲ್ಲಾದರೂ ತರಚಿ ಸರಳಿಗೆ ತಾಗಿದರೆ ಒಳಗಿನ ಸುತ್ತುಗಳೇ ಶಾರ್ಟ್ ಆಗುತ್ತವೆ, ಬಿಚ್ಚದೆ ಬೇರೆ ದಾರಿ ಇಲ್ಲ. ನಮ್ಮ ಮಳೆಗಾಲದ ತೇವಕ್ಕೆ ಸರಳಿಗೆ ತುಕ್ಕೂ ಹಿಡಿಯುತ್ತದೆ. ನಾನು ಮೊದಲು ಕ್ಲಿಯರ್ ಲ್ಯಾಕರ್ ಒಂದು ಕೋಟ್ ಹೊಡೆದು, ಒಣಗಿಸಿ, ಆಮೇಲೆ ಟೇಪ್ ಹಾಕುತ್ತೇನೆ. ಹಲಗೆಗಳ ಒಳ ಅಂಚನ್ನು 600 ನಂಬರ್ ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿ. ಉಗುರಿಗೆ ತಾಗದಷ್ಟು ಸಣ್ಣ ಚೂಪು ಇದ್ದರೂ ಈ ತಂತಿ ಕಡಿಯುತ್ತದೆ.

ಸುತ್ತುವ ಯಂತ್ರ

ಅಮ್ಮನ ಹೊಲಿಗೆ ಯಂತ್ರಕ್ಕೆ ಹಾಕಿದ್ದ ಮೋಟಾರು ನನ್ನ ಯಂತ್ರದ ಜೀವ. ಕಾಲಿನ ಪೆಡಲ್ ಇರುತ್ತದಲ್ಲ, ಅದರಿಂದ ವೇಗ ಬೇಕಾದ ಹಾಗೆ ಏರಿಸಿ ಇಳಿಸಬಹುದು, ಎರಡೂ ಕೈ ಖಾಲಿ ಇರುತ್ತವೆ. ಒಂದು ಪ್ಲೈವುಡ್ ಹಲಗೆ, ಎರಡು 608 ಬೇರಿಂಗ್, ಅದರೊಳಗೆ 8 ಮಿ.ಮೀ. ಸರಳು, ಒಂದು ತುದಿಗೆ ದೊಡ್ಡ ಪುಲ್ಲಿ, ಇನ್ನೊಂದು ತುದಿಗೆ ಮರದ ಬಿಲ್ಲೆ. ಮೋಟಾರಿನ ಸಣ್ಣ ಪುಲ್ಲಿಯಿಂದ ದೊಡ್ಡದಕ್ಕೆ ಬೆಲ್ಟ್. ಹೊಲಿಗೆ ಮೋಟಾರು ವಿಪರೀತ ಜೋರಾಗಿ ತಿರುಗುತ್ತದೆ, ಹಾಗಾಗಿ ದೊಡ್ಡ ಪುಲ್ಲಿ ಬೇಕೇ ಬೇಕು. ನಿಮಿಷಕ್ಕೆ 500 ಸುತ್ತು ಬಂದರೆ ಸಾಕು, 8,000 ಸುತ್ತಿಗೆ ಕಾಲು ಗಂಟೆ ಆಗುತ್ತದೆ. ಮೋಟಾರು ಇಲ್ಲದವರು ಬ್ಯಾಟರಿ ಡ್ರಿಲ್ ಅನ್ನು ಮೇಜಿಗೆ ಕ್ಲ್ಯಾಂಪ್ ಮಾಡಿಯೂ ಸುತ್ತಬಹುದು, ಆದರೆ ವೇಗ ಒಂದೇ ಸಮ ಇಡುವುದು ಕಷ್ಟ.

ಬಾಬಿನ್ ಅನ್ನು ಬಿಲ್ಲೆಗೆ ಡಬಲ್ ಸೈಡ್ ಟೇಪಿನಿಂದ ಅಂಟಿಸಿ, ನಟ್ಟನಡುವೆ ಇರಲಿ. ಅಲುಗಾಡದಂತೆ ಎರಡು ಸಣ್ಣ ಸ್ಕ್ರೂ ಕೂಡ ಹಾಕಿ.

ಲೆಕ್ಕ ಇಡಲು ಹಳೆಯ ಕ್ಯಾಲ್ಕುಲೇಟರ್ ಸಾಕು. ಬಿಚ್ಚಿ, ಸಮ ಚಿಹ್ನೆಯ ಗುಂಡಿಯ ಎರಡು ಕಡೆಯಿಂದ ತೆಳು ವೈರ್ ತೆಗೆದು ರೀಡ್ ಸ್ವಿಚ್ಚಿಗೆ ಕೊಡಿ. ದೊಡ್ಡ ಪುಲ್ಲಿಯ ಮೇಲೆ ಸಣ್ಣ ಮ್ಯಾಗ್ನೆಟ್ ಅಂಟಿಸಿ. 1 ಕೂಡಿಸು 1 ಒತ್ತಿ ಯಂತ್ರ ಓಡಿಸಿದರೆ, ಒಂದು ಸುತ್ತಿಗೆ ಒಂದು ಏರುತ್ತಾ ಹೋಗುತ್ತದೆ. ರೀಡ್ ಸ್ವಿಚ್ ಪುಲ್ಲಿಯ ಕಡೆಯೇ ಇರಲಿ, ಬಾಬಿನ್ ಹತ್ತಿರ ಇಟ್ಟರೆ ಪಿಕಪ್ಪಿನ ಸರಳುಗಳೇ ಅದನ್ನು ಒತ್ತಿ ಲೆಕ್ಕ ಕೆಡಿಸುತ್ತವೆ. ತೀರಾ ವೇಗವಾಗಿ ಓಡಿಸಿದರೆ ಕ್ಯಾಲ್ಕುಲೇಟರ್ ಕೆಲವು ಸುತ್ತು ಬಿಟ್ಟುಬಿಡುತ್ತದೆ. ಮೊದಲು ತಂತಿ ಇಲ್ಲದೆ ನಿಧಾನಕ್ಕೆ 100 ಸುತ್ತು ಕೈಯಲ್ಲಿ ಎಣಿಸಿ ಹೋಲಿಸಿ ನೋಡಿ.

ಸುತ್ತುವುದು

ಇಲ್ಲಿಯವರೆಗಿನದ್ದು ಬಡಗಿ ಕೆಲಸ, ಯಾರಾದರೂ ಮಾಡಬಹುದು. ಪಿಕಪ್ ಆಗುವುದು ಈ ಕಾಲು ಗಂಟೆಯಲ್ಲಿ, ನಿಮ್ಮ ಎರಡು ಬೆರಳಿನ ನಡುವೆ. ನಾನು ಈ ಪಾಠ ಕಲಿತದ್ದು ನಮ್ಮ ಗಲ್ಲಿಯ ರಿವೈಂಡಿಂಗ್ ಅಂಗಡಿಯ ಅಣ್ಣನಿಂದ. ವಿಜಯಪುರ ಕಡೆಯವರು, ಫ್ಯಾನ್, ಮಿಕ್ಸರ್ ಮೋಟಾರು ಸುತ್ತುತ್ತಾರೆ, ಗಿಟಾರ್ ಮುಟ್ಟಿದವರೇ ಅಲ್ಲ. ನಾನು ಮೂರು ಸಲ ತಂತಿ ಕಡಿದುಕೊಂಡು ಅವರ ಹತ್ತಿರ ಹೋದಾಗ ಅವರು ನನ್ನ ಬೆರಳು ನೋಡಿ ಹೇಳಿದರು: "ಜಗ್ಗಬ್ಯಾಡ ತಮ್ಮಾ. ತಂತಿ ತಾನ ಬರಲಿ. ಬಂತು ಅಂತ ಬೆರಳಿಗೆ ಗೊತ್ತಾದ್ರ ಸಾಕು."

ಅದೇ ಸರಿ. ಈ ತಂತಿಗೆ 100 ಗ್ರಾಂ ತೂಕ ಕಟ್ಟಿ ಬಿಟ್ಟರೆ ಕಡಿದುಹೋಗುತ್ತದೆ. ಸ್ವಲ್ಪ ಜಾಸ್ತಿ ಜಗ್ಗಿದರೆ ಕಡಿಯುವುದಿಲ್ಲ, ಆದರೆ ಉದ್ದಕ್ಕೆ ಎಳೆದುಕೊಂಡು ಇನ್ನೂ ತೆಳುವಾಗುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ಸಡಿಲ ಬಿಟ್ಟರೆ ಸುತ್ತುಗಳು ಒಳಗೆ ಅಲ್ಲಾಡುತ್ತವೆ, ಆಂಪ್ (ಆಂಪ್ಲಿಫೈಯರ್) ಜೋರು ಮಾಡಿದಾಗ ಕಿರ್ರ್ ಅನ್ನುತ್ತದೆ. ತೋರುಬೆರಳು ಮತ್ತು ಹೆಬ್ಬೆರಳಿನ ನಡುವೆ ಒಂದು ಚೂರು ಫೆಲ್ಟ್ ಬಟ್ಟೆ ಮಡಚಿ ಇಟ್ಟು, ಅದರೊಳಗಿಂದ ತಂತಿ ಹೋಗುವ ಹಾಗೆ ಹಿಡಿಯಿರಿ. ಹಿಡಿತ ಸರಿ ಇದ್ದಾಗ ಬೆರಳಿಗೆ ಒಂದು ಸಣ್ಣ ಗುಂಯ್‌ಗುಡುವಿಕೆ ತಾಗುತ್ತದೆ, ಬಾಬಿನ್ ಉದ್ದ ಇರುವುದರಿಂದ ಪ್ರತಿ ಸುತ್ತಿಗೂ ಎರಡು ಸಲ ಎಳೆತ ಏರಿ ಇಳಿಯುತ್ತದೆ, ಟುಕ್ ಟುಕ್ ಟುಕ್ ಅಂತ. ಆ ಮಿಡಿತ ಒಂದೇ ಸಮ ಇರಬೇಕು. ಅದು ನಿಂತರೆ ತಂತಿ ಕಡಿದಿದೆ ಅಂತ ಅರ್ಥ. ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಕಾಲು ಗಂಟೆಯೂ ನಾನು ಕ್ಯಾಲ್ಕುಲೇಟರ್ ನೋಡುವುದಿಲ್ಲ, ಬೆರಳನ್ನೇ ಕೇಳಿಸಿಕೊಳ್ಳುತ್ತೇನೆ.

ರೀಲು ತಿರುಗಬಾರದು. ಅದನ್ನು ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ, ತಂತಿ ಮೇಲಿನ ಅಂಚಿನಿಂದ ಸುಳಿಯಾಗಿ ಬಿಚ್ಚಿಕೊಂಡು ಮೇಲೆ ಬರಲಿ. ರೀಲಿನ ಅಂಚಿಗೆ ಎಲ್ಲಾದರೂ ಕಚ್ಚು ಬಿದ್ದಿದ್ದರೆ ಮೊದಲೇ ಉಜ್ಜಿ ಸರಿಮಾಡಿ. ಮತ್ತೆ ಫ್ಯಾನ್ ಆಫ್ ಮಾಡಿ. ಮೇ ತಿಂಗಳ ಮುಂಬೈಯಲ್ಲಿ ಫ್ಯಾನ್ ಇಲ್ಲದೆ ಕೂರುವುದು ಕಷ್ಟವೇ, ಆದರೆ ಗಾಳಿಗೆ ಈ ತಂತಿ ಹಾರಿ ಬಿಲ್ಲೆಗೆ ಸಿಕ್ಕಿಕೊಳ್ಳುತ್ತದೆ. ನಾನು ಬೆಳಿಗ್ಗೆ ಆರಕ್ಕೆ ಕೂರುತ್ತೇನೆ. ಬಾಬಿನ್ ಹಿಂದೆ ಕಪ್ಪು ಬಟ್ಟೆ, ಪಕ್ಕದಿಂದ ಟೇಬಲ್ ಲ್ಯಾಂಪ್. ಇಲ್ಲದಿದ್ದರೆ ತಂತಿ ಕಾಣುವುದೇ ಇಲ್ಲ.

ಶುರು ಮಾಡುವಾಗ ತಂತಿಯ ತುದಿಯನ್ನು ಕೆಳ ಹಲಗೆಯ ತೂತಿನಿಂದ ತಂದು ಸೋಲ್ಡರ್ ಮಾಡಿ. ಎನಾಮಲ್ ಎಂಥದ್ದು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಪಾಲಿಯುರಿಥೇನ್ ಆದರೆ ಬಿಸಿ ಐರನ್ನಿಗೆ ತಾನೇ ಸುಟ್ಟು ಹೋಗಿ ಸೋಲ್ಡರ್ ಹಿಡಿಯುತ್ತದೆ. ಬೇರೆಯದಾದರೆ ಮರಳು ಕಾಗದ ಮಡಚಿ, ನಡುವೆ ತಂತಿ ಇಟ್ಟು ಮೆಲ್ಲಗೆ ಎರಡು ಮೂರು ಸಲ ಎಳೆದು ತಾಮ್ರ ಕಾಣಿಸಬೇಕು. ಕೊಳ್ಳುವಾಗಲೇ ಸೋಲ್ಡರೇಬಲ್ ಕೇಳಿ ತಂದರೆ ಈ ಕಷ್ಟ ಇಲ್ಲ.

ಮೊದಲ 50 ಸುತ್ತು ಕೈಯಿಂದಲೇ ತಿರುಗಿಸಿ ಹಾಕಿ. ಆಮೇಲೆ ಪೆಡಲ್ ಮೆಲ್ಲಗೆ. ಕೈಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನಿಧಾನವಾಗಿ ಆಡಿಸುತ್ತಾ ಇರಿ. ಎರಡೂ ಕಡೆ ಹಲಗೆಗೆ ತಾಗುವ ಮೊದಲೇ ಕೈ ನಿಲ್ಲಲು ಎರಡು ಅಡ್ಡ ಕಡ್ಡಿ ಕಟ್ಟಿಕೊಳ್ಳಿ, ಇಲ್ಲದಿದ್ದರೆ ತಂತಿ ಹಲಗೆ ದಾಟಿ ಹೊರಗೆ ಬೀಳುತ್ತದೆ. ಯಂತ್ರ ಸುತ್ತಿದ ಹಾಗೆ ನೀಟಾಗಿ ಒಂದರ ಪಕ್ಕ ಒಂದು ಕೂರುವುದಿಲ್ಲ, ಚೂರು ಅಡ್ಡಾದಿಡ್ಡಿ ಆಗುತ್ತದೆ. ಆಗಲಿ. ಹಾಗೆ ಸುತ್ತಿದಾಗ ಪದರಗಳ ನಡುವಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಕಡಿಮೆ ಆಗುತ್ತದೆ, ಮೇಲಿನ ಸ್ವರ ತೆರೆದುಕೊಳ್ಳುತ್ತದೆ. ಕೈಯಲ್ಲಿ ಸುತ್ತಿದ ಪಿಕಪ್ ಬೇರೆ ಥರ ಕೇಳುತ್ತದೆ ಅನ್ನುವುದಕ್ಕೆ ಇರುವ ಕಾರಣ ಇದೇ.

ನನಗೆ 5,300ಕ್ಕೆ ಒಮ್ಮೆ ತಂತಿ ಕಡಿಯಿತು. ಎಸೆಯಬೇಕಾಗಿಲ್ಲ. ಎರಡು ತುದಿ ಹುಡುಕಿ, ಎನಾಮಲ್ ತೆಗೆದು, ಹೊಸೆದು, ಸೂಜಿಮೊನೆಯಷ್ಟು ಸೋಲ್ಡರ್ ಹಾಕಿ, ಸಣ್ಣ ಚೂರು ತೆಳು ಟೇಪಿನಲ್ಲಿ ಮಡಚಿ ಒಳಗೆ ಕೂರಿಸಿ ಮುಂದುವರಿಸಿ. ಆ ಪಿಕಪ್ ಇವತ್ತಿಗೂ ನನ್ನ ಗಿಟಾರಿನ ನೆಕ್ (ಕುತ್ತಿಗೆ) ಕಡೆ ಇದೆ.

ಎಷ್ಟು ಸುತ್ತು? 7,600ರಿಂದ 8,000. ನಾನು 7,800ಕ್ಕೆ ನಿಲ್ಲಿಸುತ್ತೇನೆ. ಬ್ರಿಜ್ (ತಂತಿಗಳನ್ನು ಹೊರುವ ಕುದುರೆ) ಕಡೆಯದಕ್ಕೆ ಒಂದು 300 ಜಾಸ್ತಿ. ಸುತ್ತು ಏರಿದಷ್ಟೂ ದನಿ ಜೋರು, ಆದರೆ ಮೇಲಿನ ಹೊಳಪು ಕಡಿಮೆ. ಒಟ್ಟು ತಂತಿ ಒಂದು ಕಿಲೋಮೀಟರಿಗಿಂತ ಜಾಸ್ತಿ ಹೋಗಿರುತ್ತದೆ.

ಅಳೆಯುವುದು

ಮಲ್ಟಿಮೀಟರ್ 20 ಕೆ ರೇಂಜಿಗೆ ಇಡಿ. ಅಮೆರಿಕದ ತಂತಿಯಲ್ಲಿ 6 ಕೆ ಬರುವಷ್ಟು ಸುತ್ತಿಗೆ ನಮ್ಮ 46 ನಂಬರಿನಲ್ಲಿ 6.5 ಬರುತ್ತದೆ. ಇನ್ನೊಂದು ವಿಷಯ ಇದೆ, ಇದನ್ನು ಯಾರೂ ಹೇಳುವುದಿಲ್ಲ. ತಾಮ್ರದ ರೆಸಿಸ್ಟೆನ್ಸ್ ಒಂದೊಂದು ಡಿಗ್ರಿ ಬಿಸಿಗೂ ಶೇಕಡಾ 0.39ರಷ್ಟು ಏರುತ್ತದೆ. 20 ಡಿಗ್ರಿಯಲ್ಲಿ 6 ಕೆ ಇದ್ದದ್ದು 32 ಡಿಗ್ರಿಯ ನಮ್ಮ ಮನೆಯಲ್ಲಿ 6.28 ತೋರಿಸುತ್ತದೆ. ನಾನು ಜನವರಿಯಲ್ಲಿ ಸುತ್ತಿದ್ದನ್ನೂ ಮೇ ತಿಂಗಳಲ್ಲಿ ಸುತ್ತಿದ್ದನ್ನೂ ಹೋಲಿಸಿ, ಲೆಕ್ಕ ತಪ್ಪಿತು ಅಂತ ಬಿಚ್ಚಲು ಹೊರಟಿದ್ದೆ. ಸುತ್ತಿದ ತಕ್ಷಣ ಕೈಯ ಬಿಸಿಯೂ ಇರುತ್ತದೆ, ಅರ್ಧ ಗಂಟೆ ಬಿಟ್ಟು ಅಳೆಯಿರಿ.

ಮೀಟರ್ ಏನೂ ತೋರಿಸದಿದ್ದರೆ ಎಲ್ಲೋ ಕಡಿದಿದೆ, ಹೆಚ್ಚಾಗಿ ಶುರುವಿನ ಸೋಲ್ಡರ್ ಹತ್ತಿರವೇ. ಬರಬೇಕಾದದ್ದಕ್ಕಿಂತ ತುಂಬಾ ಕಡಿಮೆ ತೋರಿಸಿದರೆ ಒಳಗೆ ಶಾರ್ಟ್ ಇದೆ.

ಮೇಣ

ಕಾಯಿಲ್ ಒಳಗಿನ ಸುತ್ತುಗಳು ಅಲ್ಲಾಡದ ಹಾಗೆ ಈಗ ಪಿಕಪ್ಪಿಗೆ ಮೇಣ ಕುಡಿಸಬೇಕು. ಜೇನುಮೇಣ ಒಂದು ಪಾಲು, ಪ್ಯಾರಾಫಿನ್ ನಾಲ್ಕು ಪಾಲು. ಸಣ್ಣ ಪಾತ್ರೆಯಲ್ಲಿ ಮೇಣ ಹಾಕಿ, ಅದನ್ನು ದೊಡ್ಡ ಪಾತ್ರೆಯ ಬಿಸಿನೀರಿನೊಳಗೆ ಇಟ್ಟು ಕರಗಿಸಿ. ಒಲೆಯ ಬೆಂಕಿಗೆ ನೇರವಾಗಿ ಇಡಲೇಬೇಡಿ, ಮೇಣ ಹೊತ್ತಿಕೊಂಡರೆ ಎಣ್ಣೆ ಹೊತ್ತಿಕೊಂಡ ಹಾಗೆ, ನೀರು ಹಾಕಿ ಆರಿಸಲೂ ಆಗುವುದಿಲ್ಲ. ಥರ್ಮಾಮೀಟರ್ 65 ಡಿಗ್ರಿ ಹತ್ತಿರ ಇರಲಿ, 70 ದಾಟಬಾರದು. ಪಿಕಪ್ಪನ್ನು ವೈರಿನಿಂದ ತೂಗಿ ಇಳಿಬಿಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಕಾಯಿಲ್ ಒಳಗಿನ ಗಾಳಿ ಹೊರಗೆ ಬರುವುದು ಅದು. ಗುಳ್ಳೆ ನಿಲ್ಲುವವರೆಗೆ ಬಿಡಿ, 15ರಿಂದ 20 ನಿಮಿಷ. ಹೊರತೆಗೆದು ಒರೆಸಿ, ಆರಿದ ಮೇಲೆ ಕಾಯಿಲ್ ಸುತ್ತ ಹತ್ತಿಯ ಟೇಪ್ ಹಾಕಿ. ಈ ಪಾತ್ರೆ ಮತ್ತೆ ಅಡುಗೆಗೆ ಬರುವುದಿಲ್ಲ, ಮನೆಯಲ್ಲಿ ಮೊದಲೇ ಹೇಳಿಡಿ.

ಜೋಡಿಸುವುದು

ಸರಳುಗಳು ಮ್ಯಾಗ್ನೆಟ್ ಆಗಿರದೆ ಬಂದಿದ್ದರೆ ಈಗ ಮಾಡಿ. ಎರಡು ದೊಡ್ಡ ನಿಯೋಡಿಮಿಯಂ ಬ್ಲಾಕುಗಳನ್ನು ವೈಸಿನ ಎರಡು ದವಡೆಗೆ, ಒಂದನ್ನೊಂದು ಎಳೆಯುವ ಮುಖ ಎದುರುಬದುರು ಬರುವ ಹಾಗೆ ಅಂಟಿಸಿ, ನಡುವಿನಿಂದ ಪಿಕಪ್ಪನ್ನು ದಾಟಿಸಿ. ಬೆರಳು ಜೋಪಾನ, ಸಿಕ್ಕಿದರೆ ಜಜ್ಜುತ್ತದೆ. ಆರೂ ಸರಳಿನ ಮೇಲ್ಮುಖ ಒಂದೇ ಧ್ರುವ ಇರಬೇಕು, ದಿಕ್ಸೂಚಿ ಹಿಡಿದು ನೋಡಿ.

ಮೂರು ಪಿಕಪ್ ಹಾಕುವವರು ನಡುವಿನದನ್ನು ಉಲ್ಟಾ ದಿಕ್ಕಿಗೆ ಸುತ್ತಿ, ಮ್ಯಾಗ್ನೆಟ್ಟನ್ನೂ ಉಲ್ಟಾ ಮಾಡಿ. ಎರಡನ್ನೂ ತಿರುಗಿಸಬೇಕು. ಆಗ ಎರಡು ಪಿಕಪ್ ಒಟ್ಟಿಗೆ ಹಾಕಿದಾಗ ತಂತಿಯ ದನಿ ಕೂಡಿಕೊಳ್ಳುತ್ತದೆ, ಮನೆಯ ಕರೆಂಟಿನ 50 ಹರ್ಟ್ಸ್ ಗುಂಯ್ ಕಳೆದುಹೋಗುತ್ತದೆ. ಒಂದನ್ನು ಮಾತ್ರ ತಿರುಗಿಸಿದರೆ ದನಿ ಡಬ್ಬಿಯೊಳಗಿಂದ ಬಂದ ಹಾಗೆ ತೆಳುವಾಗುತ್ತದೆ.

ಗಿಟಾರಿಗೆ ಹಾಕುವ ಮೊದಲು ಆಂಪಿಗೆ ಕೊಟ್ಟು, ದನಿ ಕಡಿಮೆ ಇಟ್ಟು, ಸ್ಕ್ರೂಡ್ರೈವರಿನಿಂದ ಒಂದೊಂದು ಸರಳನ್ನೂ ಮೆಲ್ಲಗೆ ತಟ್ಟಿ. ಆರಕ್ಕೂ ಟೊಕ್ ಅಂತ ಬರಬೇಕು. ಗಿಟಾರಿನಲ್ಲಿ ಕೂರಿಸಿದ ಮೇಲೆ ಕೊನೆಯ ಫ್ರೆಟ್ ಒತ್ತಿ ಹಿಡಿದು, ದಪ್ಪ ತಂತಿಯ ಕೆಳಗೆ 2.4 ಮಿ.ಮೀ., ತೆಳು ತಂತಿಯ ಕೆಳಗೆ 2 ಮಿ.ಮೀ. ಅಂತರ ಇಡಿ. ಅಲ್ಲಿಂದ ಮುಂದೆ ಕಿವಿಗೆ ಬಿಟ್ಟದ್ದು, ಸ್ಕ್ರೂ ಕಾಲು ಸುತ್ತು ತಿರುಗಿಸಿದರೂ ವ್ಯತ್ಯಾಸ ಕೇಳುತ್ತದೆ.

ಕೂರಿಸುವ ಮೊದಲು ಒಂದು ಕೆಲಸ ಮರೆಯಬೇಡಿ. ಕೆಳ ಹಲಗೆಯ ಮೇಲೆ ಪರ್ಮನೆಂಟ್ ಮಾರ್ಕರಿನಲ್ಲಿ ತಾರೀಖು, ಸುತ್ತು, ರೆಸಿಸ್ಟೆನ್ಸ್, ಆ ದಿನದ ಕೋಣೆಯ ಬಿಸಿ, ಸುತ್ತಿದ ದಿಕ್ಕಿನ ಬಾಣ, ಮೇಲ್ಮುಖದ ಧ್ರುವ ಇಷ್ಟನ್ನೂ ಬರೆಯಿರಿ. ಮುಂದಿನ ಪಿಕಪ್ ಸುತ್ತಲು ಕೂತಾಗ ನೀವು ಮೊದಲು ತೆಗೆದು ನೋಡುವುದು ಅದನ್ನೇ.